ಇವನು ಉಣ್ಣುವುದು ಯಾವಾಗ?

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ
ಟೈರ್ ಅಂಗಡಿಯ ಮಾಳಿಗೆಯಲ್ಲಿ ನನ್ನದೊಂದು ಗೇಮ್ ಸೆಂಟರ್.
ಮೂರು ಟೀವಿ, ಆರು ಕುರ್ಚಿ, ಗಂಟೆಗೆ ಇಪ್ಪತ್ತು.
ಬಾಗಿಲಿಗೆ ತೋರಣದಂತೆ ಚಿಪ್ಸ್ ಪ್ಯಾಕೆಟ್ಟು,
ಫ್ರಿಜ್ಜಿನಲ್ಲಿ ನೀಲಿ, ಹಸಿರು, ಕಿತ್ತಳೆ ನೀರು.
ಕಿತ್ತಳೆಯ ಸೀಮೆಯಲ್ಲಿ ಕಿತ್ತಳೆಯೇ ಇಲ್ಲದ ಕಿತ್ತಳೆ!
ಮಾರಿದವನು ನಾನೇ. ಬಾಡಿಗೆ ಕಟ್ಟಬೇಕಲ್ಲ.

ಬಿದ್ದಪ್ಪ ಬಿದ್ದದ್ದು ಒಂದು ಮಂಗಳವಾರ.
ಹೆಸರಿಟ್ಟ ಅಜ್ಜನನ್ನು ದೂರಬೇಡಿ;
ತಿಂಡಿಗೆಂದು ಅವ್ವ ಕೊಟ್ಟ ಇಪ್ಪತ್ತನ್ನು
ನನ್ನ ಗಲ್ಲಾಕ್ಕೆ ಹಾಕಿ ಕೂತಿದ್ದ ಹುಡುಗ.
ಪರದೆಯ ಮೂಲೆಯಲ್ಲಿ ಅವನ ಸೈನಿಕನ ಜೀವ
ತುಂಬಿದ ಹಸಿರು ಪಟ್ಟಿ, ನೂರಕ್ಕೆ ನೂರು.
ಕುರ್ಚಿಯಲ್ಲಿ ಇವನು ಬಿಳಿಚಿಕೊಂಡು
ಕಂಟ್ರೋಲರ್ ಹಿಡಿದೇ ಜಾರಿದ.
ಸೈನಿಕ ನಿಂತೇ ಇದ್ದ, ಅಪ್ಪಣೆಗೆ ಕಾಯುತ್ತ.

ಸುಹರಾ ಓಡಿಬಂದು ಬೆಲ್ಲದ ಕಾಫಿ ಕುಡಿಸಿದಳು.
ನನ್ನ ಕಡೆ ತಿರುಗಿ ಒಂದು ಮಾತೂ ಆಡಲಿಲ್ಲ.
ಮದುವೆಯಾದ ಹದಿನಾಲ್ಕು ವರ್ಷದಲ್ಲಿ
ಅಷ್ಟು ಬೈದದ್ದು ಅದೇ ಮೊದಲು.

ಮರುದಿನ ಗೋಡೆಗೊಂದು ಹಲಗೆ:
ಕಡಂಬಿಟ್ಟು, ಮೂವತ್ತು ಅಂಕ.
ಹೆಸರುಕಾಳಿನ ಪಲ್ಯ, ನಲವತ್ತು.
ಕೆಸುವಿನ ಸೊಪ್ಪು ಐವತ್ತು, ಜೊತೆಗೊಂದು ಜೀವ ಉಚಿತ.
ನೂರಾದರೆ ಕಾಲು ಗಂಟೆ ಆಟ.
ಹುಡುಗರು ಓದಿದರು, ನಕ್ಕರು,
"ಉಬೈದಣ್ಣಾ, ಇದು ನಮ್ಮ ಹೆಡ್ಮಾಸ್ಟರ್ ಮಾಡಿದ ಗೇಮಾ?"
ಸುಹರಾ ಬೇಯಿಸಿದ್ದನ್ನು ರಾತ್ರಿ ನಾನೇ ತಿಂದೆ,
ಮೂರು ದಿನ,
ದಿನಕ್ಕೆ ನೂರಿಪ್ಪತ್ತು ಅಂಕ.

ಎಲ್ಲರಿಗಿಂತ ಚೆನ್ನಾಗಿ ಆಡುವವಳು ಪೂವಿ,
ತಿತಿಮತಿ ಕಡೆಯ ಹಾಡಿಯವಳು, ಎಂಟನೇ ಕ್ಲಾಸು.
ದುಡ್ಡು ತರುವುದಿಲ್ಲ; ಬೇರೆಯವರಿಗೆ ಕಷ್ಟದ ಲೆವೆಲ್ ದಾಟಿಸಿ
ಅದರ ಕೂಲಿಯೆಂದು ಐದು ನಿಮಿಷ ಆಡುತ್ತಾಳೆ.
ಒಂದು ಶನಿವಾರ ಪರದೆಗೆ ಬೆರಳು ತೋರಿಸಿ ಕೇಳಿದಳು:
"ಬೆಳಿಗ್ಗೆಯಿಂದ ಓಡುತ್ತಾನೆ, ಹೊಳೆ ಹಾಯುತ್ತಾನೆ, ಗುಂಡು ಹೊಡೆಯುತ್ತಾನೆ.
ಇವನು ಉಣ್ಣುವುದು ಯಾವಾಗ?"
ಯಾರಲ್ಲೂ ಉತ್ತರವಿಲ್ಲ.
"ಕಾಡಲ್ಲೇ ಇದ್ದಾನೆ, ಕಾಲಡಿ ಎಷ್ಟು ಸೊಪ್ಪು!
ದಡ್ಡ. ತುಳಿದುಕೊಂಡು ಹೋಗುತ್ತಾನೆ."

ಕಕ್ಕಡದಲ್ಲಿ ಕರೆಂಟು ಹೋಯಿತು. ಒಂದು ದಿನವಲ್ಲ, ನಾಲ್ಕು.
ಕಪ್ಪು ಟೀವಿಗಳಲ್ಲಿ ನಮ್ಮ ಮುಖ ನಮಗೇ ಕಾಣುತ್ತಿತ್ತು.
ಹದಿನೆಂಟನೆಯ ದಿನ ಪೂವಿ ಬಂದಳು, ಪ್ಲಾಸ್ಟಿಕ್ ಕೊಪ್ಪೆ ಹೊದ್ದು,
ಕಂಕುಳಲ್ಲಿ ಒಂದು ಕಟ್ಟು ಮದ್ದುಸೊಪ್ಪು.
ಅಕ್ಕಿ ಬಿದ್ದಪ್ಪನ ಅವ್ವನದು, ಬೆಲ್ಲ ಕಾಯಿ ಸುಹರಾಳದು,
ಟೈರ್ ಅಂಗಡಿಯ ಹಿಂದೆ ಮೂರು ಕಲ್ಲಿನ ಒಲೆ.
ಕುದಿಯುತ್ತ ಕುದಿಯುತ್ತ ನೀರೆಲ್ಲ ನೇರಳೆ,
ಯಾವ ಗೇಮಿನಲ್ಲೂ ನಾನು ನೋಡದ ಬಣ್ಣ.
"ಹದಿನೆಂಟು ಮದ್ದೂ ಎಲೆಗೆ ಇಳಿಯುವುದು ಇವತ್ತೇ.
ನಾಳೆಗೆ ಎಕ್ಸ್‌ಪೈರಿ.
ತಿಂದವರಿಗೆ ಬೆಳಿಗ್ಗೆ ಗೊತ್ತಾಗುತ್ತದೆ. ಏನೆಂದು ಹೇಳಲ್ಲ."
ಗೊತ್ತಿದ್ದವರು ತುಟಿ ಕಚ್ಚಿಕೊಂಡರು,
ಗೊತ್ತಿಲ್ಲದವರು ಎರಡೆರಡು ಸಲ ಬಡಿಸಿಕೊಂಡರು.

ಬಾಗಿಲು ತೆಗೆಯುವ ಮುನ್ನವೇ ಮೆಟ್ಟಿಲ ಮೇಲೆ ಧಡಧಡ:
"ಅಣ್ಣಾ, ಕೆಂಪು!" "ನನ್ನದೂ!" "ನನ್ನದು ಜಾಸ್ತಿ!"
ಉಚ್ಚೆಯ ಬಣ್ಣಕ್ಕೆ ಪದಕ ಗೆದ್ದವರಂತೆ
ಎದೆಯುಬ್ಬಿಸಿ ನಿಂತವರ ನಡುವೆ ಬಿದ್ದಪ್ಪ.
ಹಲಗೆಯತ್ತ ತಿರುಗಿಯೂ ನೋಡದೆ ಕೇಳಿದ:
"ಪೂವಿ, ಮುಂದಿನ ಲೆವೆಲ್ ಯಾವುದು?"

ಅವಳು ಬೆರಳು ಮಡಚಿದಳು:
ತೆರ್ಮೆ ಸೊಪ್ಪು, ಕಳಲೆ, ಗದ್ದೆಯ ಏಡಿ,
ಗುಡುಗಿದ ಮರುದಿನದ ಅಣಬೆ.
"ಅಣಬೆ ಮಾತ್ರ ನನ್ನನ್ನು ಕೇಳದೆ ಮುಟ್ಟಬೇಡಿ.
ಅಲ್ಲಿ ಒಂದೇ ಜೀವ."

ಚಿಪ್ಸ್ ಈಗಲೂ ನೇತಾಡುತ್ತದೆ, ಸುಳ್ಳೇಕೆ,
ಒಂದು ಸರ ಕಡಿಮೆ, ಅಷ್ಟೆ.
ಹಲಗೆ ಅಳಿಸಿದ್ದೇನೆ.
ರಾತ್ರಿ ಅಂಗಡಿ ಮುಚ್ಚುವಾಗ ಕಂಟ್ರೋಲರ್ ಒರೆಸುತ್ತೇನೆ.
ಮೊದಲು ಎಣ್ಣೆ, ಕೆಂಪು ಮಸಾಲೆಯ ಹುಡಿ;
ಈಗ ಬೆಲ್ಲದ ಜಿಗುಟು, ಎಲ್ಲೋ ಒಂದು ಅನ್ನದಗುಳು
ಜಿಗಿಯುವ ಗುಂಡಿಯ ಕೆಳಗೆ ಸಿಕ್ಕಿಕೊಂಡು.
ಪಿನ್ನಿನಲ್ಲಿ ಕೆದಕಿ ತೆಗೆಯುತ್ತ ಬೈದುಕೊಳ್ಳುತ್ತೇನೆ,
ಒತ್ತಿ ನೋಡುತ್ತೇನೆ.
ಜಿಗಿಯುತ್ತದೆ.